ಒಂದೇ ದಿನದ ಅಂತರ: ಕಾರ್ಡಿನಲ್ ಟೆಟ್ರಾಗೆ ಹೆಸರು ಸಿಕ್ಕ ಬಗೆ

ಅಕ್ವೇರಿಯಂಗಳಲ್ಲಿ ಸಾಕುವ ಪುಟ್ಟ ಮೀನು ಕಾರ್ಡಿನಲ್ ಟೆಟ್ರಾವನ್ನು ನೋಡಿ ಅದರ ನೆಂಟ ನಿಯಾನ್ ಟೆಟ್ರಾ ಅಂದುಕೊಳ್ಳುವವರು ಈಗಲೂ ಇದ್ದಾರೆ. ಎರಡಕ್ಕೂ ಪಕ್ಕದಲ್ಲಿ ಹೊಳೆಯುವ ನೀಲಿ ಗೆರೆ, ಅದರ ಕೆಳಗೆ ಕೆಂಪು. ಆದರೆ ನಿಯಾನ್‌ನ ಕೆಂಪು ಮೈಯ ನಡುವಿನಿಂದ ಬಾಲದ ಕಡೆಗೆ ಮಾತ್ರ ಇರುತ್ತದೆ, ಕಾರ್ಡಿನಲ್‌ನದು ತಲೆಯ ಹತ್ತಿರದಿಂದಲೇ ಶುರುವಾಗುತ್ತದೆ. ಇಷ್ಟು ಗೊತ್ತಿದ್ದರೆ ಮತ್ತೆ ಮೋಸಹೋಗುವುದಿಲ್ಲ. ಕಣ್ಣಿಗೆ ಇಷ್ಟು ಸುಲಭವಾಗಿ ಸಿಗುವ ಈ ಮೀನಿಗೆ ವೈಜ್ಞಾನಿಕ ಹೆಸರು ಮಾತ್ರ ಜಗಳವಿಲ್ಲದೆ ದಕ್ಕಲಿಲ್ಲ.

ಮೊದಲು ಹೆಸರು ಪಡೆದದ್ದು ನಿಯಾನ್. 1936ರಲ್ಲಿ ಅಮೆರಿಕದ ಮೀನುತಜ್ಞ ಜಾರ್ಜ್ ಮೈಯರ್ಸ್ ಅದನ್ನು ವರ್ಣಿಸಿ, ಅಕ್ವೇರಿಯಂ ಪತ್ರಿಕೆಯ ಸಂಪಾದಕ ವಿಲಿಯಂ ಇನ್ನೆಸ್ ಅವರ ಗೌರವಾರ್ಥ ಹೈಫೆಸೊಬ್ರೈಕಾನ್ ಇನ್ನೆಸಿ ಎಂದು ಕರೆದರು. ಅದಕ್ಕೆ ಯಾರ ತಕರಾರೂ ಬರಲಿಲ್ಲ.

ಇಪ್ಪತ್ತು ವರ್ಷಗಳ ನಂತರ ಬ್ರೆಜಿಲ್‌ನ ರಿಯೊ ನೆಗ್ರೊ ನದಿಯ ಕಪ್ಪು ನೀರಿನಿಂದ ಇನ್ನೂ ಕೆಂಪಾದ ಮೀನೊಂದು ಬಂತು. ಅದನ್ನು ಒಂದೇ ಸಮಯದಲ್ಲಿ ಎರಡು ಕಡೆ ಅಧ್ಯಯನ ಮಾಡಿದರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಲಿಯೊನಾರ್ಡ್ ಷುಲ್ಟ್ಜ್ ಅವರು ಹವ್ಯಾಸಿಗಳ ಪತ್ರಿಕೆಯೊಂದರ ಮೂಲಕ, ಆ ಪತ್ರಿಕೆಯ ಪ್ರಕಾಶಕ ಹರ್ಬರ್ಟ್ ಆಕ್ಸೆಲ್‌ರಾಡ್ ಅವರ ಹೆಸರಿನಲ್ಲಿ, ಕೈರೊಡಾನ್ ಆಕ್ಸೆಲ್‌ರಾಡಿ ಎಂದು ಕರೆದರು. ಸ್ಟ್ಯಾನ್‌ಫರ್ಡ್‌ನಲ್ಲಿ ಮೈಯರ್ಸ್ ಮತ್ತು ಸ್ಟ್ಯಾನ್ಲಿ ವೈಟ್ಸ್‌ಮನ್ ವಿಶ್ವವಿದ್ಯಾಲಯದ ಸಂಶೋಧನಾ ಪತ್ರಿಕೆಯಲ್ಲಿ ಹೈಫೆಸೊಬ್ರೈಕಾನ್ ಕಾರ್ಡಿನಾಲಿಸ್ ಎಂದರು. ಷುಲ್ಟ್ಜ್ ಅವರ ಪ್ರಕಟಣೆಯ ದಿನಾಂಕ 1956ರ ಫೆಬ್ರವರಿ 20. ಇನ್ನೊಂದರದು ಫೆಬ್ರವರಿ 21.

ಒಂದೇ ಪ್ರಾಣಿಗೆ ಎರಡು ಹೆಸರು ಬಿದ್ದರೆ ಮೊದಲು ಅಚ್ಚಾದದ್ದೇ ನಿಲ್ಲಬೇಕು ಎಂಬುದು ಪ್ರಾಣಿನಾಮಕರಣದ ಮೂಲ ನಿಯಮ. ಯಾರ ವರ್ಣನೆ ಹೆಚ್ಚು ವಿವರವಾಗಿದೆ, ಯಾವ ಪತ್ರಿಕೆಗೆ ಘನತೆ ಹೆಚ್ಚು ಎಂಬುದೆಲ್ಲ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ವಿಷಯ ಅಂತರರಾಷ್ಟ್ರೀಯ ಪ್ರಾಣಿನಾಮಕರಣ ಆಯೋಗಕ್ಕೆ ಹೋಯಿತು. 1957ರಲ್ಲಿ ಆಯೋಗ ಷುಲ್ಟ್ಜ್ ಪರವಾಗಿ ತೀರ್ಮಾನ ಕೊಟ್ಟಿತು. ಒಂದು ದಿನ ತಡವಾದವರ ಬಗ್ಗೆ ಮರುಕ ಹುಟ್ಟುತ್ತದೆ, ನಿಜ. ಆದರೂ ಈ ನಿಯಮವೇ ಸರಿ ಎಂದು ನನಗನ್ನಿಸುತ್ತದೆ. ಗುಣಮಟ್ಟ ತೂಗಿ ಹೆಸರು ಕೊಡಲು ಹೊರಟರೆ ತಲೆಮಾರಿಗೊಮ್ಮೆ ತಕ್ಕಡಿ ಹಿಡಿಯಬೇಕಾಗುತ್ತಿತ್ತು, ಯಾವ ಹೆಸರೂ ಗಟ್ಟಿಯಾಗುತ್ತಿರಲಿಲ್ಲ.

ಇತ್ಯರ್ಥವಾದದ್ದು ಪ್ರಭೇದದ ಹೆಸರು, ಅಂದರೆ ಜೋಡಿಹೆಸರಿನ ಎರಡನೆಯ ಪದ ಮಾತ್ರ. ಮೊದಲ ಪದ ಹೇಳುವ ಕುಲದ ಪ್ರಶ್ನೆಯನ್ನು ದಿನಾಂಕ ಬಗೆಹರಿಸಲಾರದು, ಅದಕ್ಕೆ ಮೀನಿನ ಮೈಯನ್ನೇ ನೋಡಬೇಕು. ಆಗ ತಜ್ಞರು ಮೇಲ್ದವಡೆಯ ಮುಂಭಾಗದ ಹಲ್ಲುಗಳನ್ನು ಬಹಳ ನೆಚ್ಚಿಕೊಂಡಿದ್ದರು: ಒಂದೇ ಸಾಲಾದರೆ ಕೈರೊಡಾನ್, ಎರಡು ಸಾಲಾದರೆ ಹೈಫೆಸೊಬ್ರೈಕಾನ್. ಹೀಗೆ ಅಕ್ಕಪಕ್ಕ ಇಟ್ಟರೆ ಒಡಹುಟ್ಟಿದವರಂತೆ ಕಾಣುವ ಎರಡು ಮೀನುಗಳು ಬೇರೆ ಬೇರೆ ಕುಲಕ್ಕೆ ಸೇರಿಹೋದವು. 1960ರಲ್ಲಿ ಫ್ರಾನ್ಸ್‌ನ ಜಾಕ್ ಝೆರಿ ನಿಯಾನ್‌ಗೆಂದು ಪಾರಾಕೈರೊಡಾನ್ ಎಂಬ ಹೊಸ ಕುಲ ಕಟ್ಟಿದರು. 1983ರಲ್ಲಿ ನಿಯಾನ್, ಕಾರ್ಡಿನಲ್ ಮತ್ತು ಹಸಿರು ನಿಯಾನ್ ಎಂಬ ಇನ್ನೊಂದು ಟೆಟ್ರಾ ಮೂರೂ ಅದೇ ಕುಲಕ್ಕೆ ಸೇರತಕ್ಕವು ಎಂದು ತೋರಿಸಿದವರಲ್ಲಿ ಒಬ್ಬರು ಅದೇ ವೈಟ್ಸ್‌ಮನ್, ಇನ್ನೊಬ್ಬರು ವಿಲಿಯಂ ಫಿಂಕ್. ತಾವು ಕೊಟ್ಟ ಹೆಸರು ಬಿದ್ದುಹೋದ ಮೀನಿನ ಹತ್ತಿರ ಇಪ್ಪತ್ತೇಳು ವರ್ಷಗಳ ನಂತರ ಮರಳಿ ಬಂದು, ಅದಕ್ಕೆ ಸರಿಯಾದ ಮನೆ ತೋರಿಸಿದ ವೈಟ್ಸ್‌ಮನ್ ಅವರ ಬಗ್ಗೆ ನನಗೆ ತುಂಬ ಗೌರವ.

ಹತ್ತಿರದ ನೆಂಟರಾದರೂ ಇವು ಒಂದೇ ಅಲ್ಲ. ನಿಯಾನ್‌ನ ಜೀವಕೋಶದಲ್ಲಿ 32 ವರ್ಣತಂತುಗಳಿದ್ದರೆ ಕಾರ್ಡಿನಲ್‌ನಲ್ಲಿ 52. ನಮ್ಮನ್ನು ಮರುಳುಮಾಡುವ ಆ ನೀಲಿಯಂತೂ ಬಣ್ಣದ ಕಣಗಳಿಂದ ಬಂದದ್ದೇ ಅಲ್ಲ. ಚರ್ಮದ ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಹರಳಿನ ತೆಳು ಹಾಳೆಗಳು ಪದರಪದರವಾಗಿ ಕೂತಿವೆ. ಅವುಗಳ ಮೇಲೆ ಬಿದ್ದ ಬೆಳಕು ನೀಲಿಯಾಗಿ ಹಿಂದಿರುಗುತ್ತದೆ. ರಾತ್ರಿ ಪದರಗಳ ಜೋಡಣೆ ಬದಲಾಗಿ ಹೊಳಪು ಮಂಕಾಗುತ್ತದೆ.

ಕುಟುಂಬವೂ ಈಚೆಗೆ ಬದಲಾಗಿದೆ. ಬಹುಕಾಲ ಇವು ಕ್ಯಾರಸಿಡೇ ಎಂಬ ದೊಡ್ಡ ಕುಟುಂಬದಲ್ಲಿದ್ದವು. 2024ರಲ್ಲಿ ಡಿಎನ್‌ಎ ಆಧಾರದ ಮೇಲೆ ಅದನ್ನು ಒಡೆದು ಮರುವಿಂಗಡಿಸಿದಾಗ ಪಾರಾಕೈರೊಡಾನ್ ಕುಲ ಅಸೆಸ್ಟ್ರೊರಾಂಫಿಡೇ ಕುಟುಂಬಕ್ಕೆ ಹೋಯಿತು.

ಕಾರ್ಡಿನಲ್‌ನ ಪೂರ್ಣ ಹೆಸರನ್ನು ಇಂದು ಬರೆಯುವುದು ಹೀಗೆ: ಪಾರಾಕೈರೊಡಾನ್ ಆಕ್ಸೆಲ್‌ರಾಡಿ (ಷುಲ್ಟ್ಜ್, 1956). ಹೆಸರಿಟ್ಟವರು ಈ ಮೀನನ್ನು ಮೊದಲು ಬೇರೊಂದು ಕುಲದಲ್ಲಿ ಇಟ್ಟಿದ್ದರು ಎಂಬುದನ್ನು ಆ ಕಂಸವೇ ಹೇಳುತ್ತದೆ.