ದೀಪಾವಳಿಯಿಂದ ಛಟ್ಟಿ ಅಮಾವಾಸ್ಯೆವರೆಗೆ: ಯಾವ ದೀಪಕ್ಕೆ ಯಾವ ತಿಥಿ, ಯಾವ ಹೊತ್ತು

ಪಂಚಾಂಗ ನೋಡುವುದನ್ನು ಹೊಸದಾಗಿ ಕಲಿಯುತ್ತಿರುವ, ನಮ್ಮ ಕೊಪ್ಪಳ, ಗಂಗಾವತಿ, ಬಳ್ಳಾರಿ ಕಡೆಯ ಗೆಳೆಯರಿಗಾಗಿ ಈ ಟಿಪ್ಪಣಿ. ಪಣತಿ, ಬತ್ತಿ, ಆರತಿ ಎಲ್ಲವನ್ನೂ ನೋಡಿಯೇ ಬೆಳೆದವರು ನಾವು, ಅವನ್ನು ಇಲ್ಲಿ ವಿವರಿಸುವುದಿಲ್ಲ. ತೊಡಕು ಬರುವುದು ದೀಪ ಹಚ್ಚುವ ದಿನ ಗೊತ್ತು ಮಾಡುವಲ್ಲಿ. 2024ರಲ್ಲಿ ಲಕ್ಷ್ಮೀಪೂಜೆ ಅಕ್ಟೋಬರ್ 31ಕ್ಕೋ ನವೆಂಬರ್ 1ಕ್ಕೋ ಎಂಬಲ್ಲಿ ಪಂಚಾಂಗಗಳೇ ಎರಡು ಪಾಲಾದವು. ಅದೊಂದು ವರ್ಷವನ್ನು ಕೂತು ಬಿಡಿಸಿದರೆ ಉಳಿದ ವರ್ಷಗಳ ಲೆಕ್ಕ ಸಲೀಸಾಗುತ್ತದೆ.

ದೀಪಗಳ ಸಾಲು

ಆಶ್ವಯುಜ ಬಹುಳ (ಹುಣ್ಣಿಮೆಯ ನಂತರ ಚಂದ್ರ ಸವೆಯುವ ಹದಿನೈದು ದಿನ) ತ್ರಯೋದಶಿಯ ಸಂಜೆ ನೀರು ತುಂಬುವ ಹಬ್ಬ. ಹಂಡೆ ತೊಳೆದು ನೀರು ತುಂಬುತ್ತಾರೆ, ಮನೆಯ ಹೊರಗೆ ದಕ್ಷಿಣಕ್ಕೆ ಮುಖ ಮಾಡಿ ಯಮದೀಪ ಇಡುತ್ತಾರೆ. ಚತುರ್ದಶಿಯ ಬೆಳಗಿನ ಜಾವ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳುವುದು, ಆಮೇಲೆ ಆರತಿ. ಅಮಾವಾಸ್ಯೆಯ ಸಂಜೆ ಲಕ್ಷ್ಮೀಪೂಜೆ, ಅಂಗಡಿ ಪೂಜೆ. ಪಾಡ್ಯಕ್ಕೆ ಬಲೀಂದ್ರ, ಬಾಗಿಲಿಗೆ ಸಗಣಿಯ ಪಾಂಡವರು, ದನಗಳಿಗೆ ಆರತಿ. ಅಲ್ಲಿಂದ ಮುಂದೆ ಇಡೀ ಕಾರ್ತಿಕ ಮಾಸ: ಶುಕ್ಲ (ಅಮಾವಾಸ್ಯೆಯ ನಂತರ ಚಂದ್ರ ಬೆಳೆಯುವ ಹದಿನೈದು ದಿನ) ದ್ವಾದಶಿಗೆ ನೆಲ್ಲಿ, ಹುಣಸೆ ಟೊಂಗೆ ಸಿಕ್ಕಿಸಿ ತುಳಸಿ ಲಗ್ನ, ಹುಣ್ಣಿಮೆಗೆ ದೀಪೋತ್ಸವ, ಹನುಮಪ್ಪನ ಗುಡಿಯಲ್ಲಿ ಕಾರ್ತಿಕ ಹಚ್ಚುವುದು.

ಇವುಗಳಲ್ಲಿ ಒಂದಕ್ಕೆ ಬೆಳಗಿನ ಜಾವ, ಒಂದಕ್ಕೆ ಮುಸ್ಸಂಜೆ, ಇನ್ನೊಂದಕ್ಕೆ ಸೂರ್ಯೋದಯದ ನಂತರದ ಹೊತ್ತು. ಮುಂದಿನದೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಕ್ಯಾಲೆಂಡರಿನ ಮನೆಯಲ್ಲಿ ಇರುವುದು ಸೂರ್ಯೋದಯದ ತಿಥಿ

ಇಲ್ಲಿ ನಿಧಾನಕ್ಕೆ ಹೋಗೋಣ. ಸೂರ್ಯ, ಚಂದ್ರರ ನಡುವಿನ ಅಂತರ 12 ಡಿಗ್ರಿ ಬೆಳೆದರೆ ಒಂದು ತಿಥಿ. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲ, ಹೀಗಾಗಿ ತಿಥಿ ಕೆಲವೊಮ್ಮೆ 19 ತಾಸಿನ ಹತ್ತಿರಕ್ಕೆ ಇಳಿಯುತ್ತದೆ, ಕೆಲವೊಮ್ಮೆ 26 ತಾಸಿನ ಮೇಲೆ ಹೋಗುತ್ತದೆ. ಅದು ಮಧ್ಯಾಹ್ನ ಶುರುವಾಗಬಹುದು, ನಡುರಾತ್ರಿಯೂ ಶುರುವಾಗಬಹುದು. ಆದರೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ದಿನಕ್ಕೆ ಒಂದೇ ಮನೆ. ಅದರಲ್ಲಿ ಬರೆಯುವುದು ಆ ದಿನ ಸೂರ್ಯ ಹುಟ್ಟುವಾಗ ಇದ್ದ ತಿಥಿ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಅದು ಮುಗಿಯುವ ಗಂಟೆ ಇರುತ್ತದೆ. ನಮ್ಮ ಕಣ್ಣು ಹೋಗುವುದು ದೊಡ್ಡ ಅಕ್ಷರಕ್ಕೆ, ದೀಪದ ದಿನ ಅಡಗಿರುವುದು ಆ ಸಣ್ಣ ಅಕ್ಷರದಲ್ಲಿ.

2024ರ ಲೆಕ್ಕ ಹಾಕೋಣ. ತ್ರಯೋದಶಿ ಅಕ್ಟೋಬರ್ 29ರ ಬೆಳಿಗ್ಗೆ 10:31ಕ್ಕೆ ಶುರುವಾಗಿ 30ರ ಮಧ್ಯಾಹ್ನ 1:15ಕ್ಕೆ ಮುಗಿಯಿತು. 29ರ ಸೂರ್ಯೋದಯಕ್ಕೆ ಇನ್ನೂ ದ್ವಾದಶಿ, ಹೀಗಾಗಿ ಆ ಮನೆಯಲ್ಲಿ ದ್ವಾದಶಿ ಎಂದೇ ಬರೆದಿರುತ್ತದೆ. ತ್ರಯೋದಶಿ ಎಂದು ಬರೆದದ್ದು 30ರ ಮನೆಯಲ್ಲಿ. ಯಮದೀಪ ಹಚ್ಚುವುದು ಸಂಜೆ, 30ರ ಸಂಜೆಗೆ ತ್ರಯೋದಶಿ ಮುಗಿದೇ ಹೋಗಿತ್ತು. ಆದ್ದರಿಂದ ಯಮದೀಪ 29ಕ್ಕೆ, ಅಂದರೆ ದ್ವಾದಶಿ ಎಂದು ಬರೆದ ಮನೆಯ ದಿನ. ಈ ಒಂದು ಸಾಲನ್ನು ಮತ್ತೆ ಓದಿ. ಇದು ತಲೆಗೆ ಹತ್ತಿದರೆ ಮುಂದಿನದಕ್ಕೆ ಕಷ್ಟವಿಲ್ಲ.

ಚತುರ್ದಶಿ 30ರ ಮಧ್ಯಾಹ್ನದಿಂದ 31ರ ಮಧ್ಯಾಹ್ನ 3:52ರವರೆಗೆ. ಅಭ್ಯಂಗಕ್ಕೆ ಬೇಕಾದದ್ದು ಚತುರ್ದಶಿ ಇರುವ ಬೆಳಗಿನ ಜಾವ, ಅದು ಸಿಕ್ಕಿದ್ದು 31ಕ್ಕೆ ಮಾತ್ರ. ಅಲ್ಲಿ ಜಗಳವಿಲ್ಲ.

ಅಮಾವಾಸ್ಯೆ 31ರ ಮಧ್ಯಾಹ್ನ 3:52ರಿಂದ ನವೆಂಬರ್ 1ರ ಸಂಜೆ 6:16ರವರೆಗೆ. ಲಕ್ಷ್ಮೀಪೂಜೆಗೆ ಪ್ರದೋಷ ಬೇಕು, ಅಂದರೆ ಸೂರ್ಯ ಮುಳುಗಿದ ಮೇಲಿನ ಸುಮಾರು 6 ಗಳಿಗೆ. ಒಂದು ಗಳಿಗೆಗೆ 24 ನಿಮಿಷ. 31ರ ಪ್ರದೋಷದಲ್ಲಿ ಅಮಾವಾಸ್ಯೆ ಪೂರ್ತಿ ಇತ್ತು, 1ರ ಪ್ರದೋಷಕ್ಕೂ ತುಸು ತಾಗಿತ್ತು. ಎರಡೂ ಸಂಜೆ ಅಮಾವಾಸ್ಯೆ ಇದ್ದರೆ ಏನು ಮಾಡಬೇಕು? ಎರಡನೆಯ ದಿನ ರಾತ್ರಿಗೆ ಒಂದು ಗಳಿಗೆಯಾದರೂ ಅಮಾವಾಸ್ಯೆ ಸೇರಿದರೆ ಎರಡನೆಯ ದಿನವನ್ನೇ ಹಿಡಿಯಿರಿ ಎನ್ನುತ್ತದೆ ಒಂದು ಪಕ್ಷ. ಪ್ರದೋಷವನ್ನು ಪೂರ್ತಿ ತುಂಬಿದ ದಿನವನ್ನು ಬಿಟ್ಟು ಅಂಚಿಗೆ ತಾಗಿದ ದಿನವನ್ನು ಹಿಡಿಯುವುದು ಸರಿಯಲ್ಲ ಎನ್ನುತ್ತದೆ ಇನ್ನೊಂದು.

ಇನ್ನೊಂದು ಮಾತು ಇಲ್ಲೇ ಸೇರಿಕೊಳ್ಳುತ್ತದೆ. ತಿಥಿ ಮುಗಿಯುವ ಕ್ಷಣ ದೇಶಕ್ಕೆಲ್ಲ ಒಂದೇ, ಸೂರ್ಯ ಮುಳುಗುವ ಹೊತ್ತು ಊರಿಂದೂರಿಗೆ ಬೇರೆ. ನವೆಂಬರ್ 1ಕ್ಕೆ ಬಳ್ಳಾರಿಯಲ್ಲಿ ಸೂರ್ಯಾಸ್ತ ಸುಮಾರು 5:50ಕ್ಕೆ. 6:16ರಲ್ಲಿ ಅದನ್ನು ಕಳೆದರೆ ಹೆಚ್ಚುಕಡಿಮೆ 26 ನಿಮಿಷ, ಅಂದರೆ ಒಂದು ಗಳಿಗೆ ಆಗಿಯೂ ಆಗದಂತೆ. ಮುಂಬೈಯಲ್ಲಿ ಆ ದಿನ ಸೂರ್ಯ ಮುಳುಗಿದ್ದು 6 ಗಂಟೆ ದಾಟಿದ ಮೇಲೆ, ಅಲ್ಲಿ ಗಳಿಗೆಯ ಅರ್ಧವೂ ಉಳಿಯಲಿಲ್ಲ. ಪಂಚಾಂಗ ಯಾವ ಊರಿನ ಸೂರ್ಯೋದಯ, ಸೂರ್ಯಾಸ್ತ ಹಿಡಿದು ಲೆಕ್ಕ ಮಾಡಿದೆ ಎಂಬುದನ್ನು ಮೊದಲ ಪುಟದಲ್ಲೇ ನೋಡಿಕೊಳ್ಳಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ. ಎರಡು ಪಂಚಾಂಗ ಬೇರೆ ಬೇರೆ ದಿನ ಹೇಳಿದವು ಎಂದ ಮಾತ್ರಕ್ಕೆ ಒಂದರ ಗಣಿತ ತಪ್ಪು ಎಂದಾಗುವುದಿಲ್ಲ.

ನನಗೆ ಈ ಪ್ರದೋಷದ ನಿಯಮ ಬಹಳ ಹಿಡಿಸಿದೆ. ಚಂದ್ರನಿಲ್ಲದ ರಾತ್ರಿಗೆ ಹಚ್ಚುವ ದೀಪ ಇದು, ಅದರ ದಿನವನ್ನು ಕತ್ತಲಾಗುವ ಹೊತ್ತಿನಿಂದಲೇ ಅಳೆಯಬೇಕಲ್ಲವೇ? ನಮ್ಮ ಕಡೆಯ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳು ಕೈಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಹಾಡುವುದೂ ಅಮಾವಾಸ್ಯೆಯ ರಾತ್ರಿಯೇ.

ಪಾಡ್ಯ ನವೆಂಬರ್ 1ರ ಸಂಜೆ ಶುರುವಾಗಿ 2ರ ಸೂರ್ಯೋದಯಕ್ಕೆ ಇತ್ತು, ಹೀಗಾಗಿ ಬಲಿಪಾಡ್ಯಮಿ 2ಕ್ಕೆ. ಇಲ್ಲಿ ಮಾತ್ರ ಕ್ಯಾಲೆಂಡರಿನ ದೊಡ್ಡ ಅಕ್ಷರ ಸಾಕು.

ತಿಂಗಳ ಹೆಸರು

ಉತ್ತರ ಭಾರತದವರು ದೀಪಾವಳಿಯನ್ನು ಕಾರ್ತಿಕ ಅಮಾವಾಸ್ಯೆ ಎನ್ನುತ್ತಾರೆ, ನಮಗೆ ಅದು ಆಶ್ವಯುಜದ ಅಮಾವಾಸ್ಯೆ. ರಾತ್ರಿ ಒಂದೇ. ನಮ್ಮ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಅವರದು ಹುಣ್ಣಿಮೆಗೆ. ನೆನಪಿಗೆ ನಾನು ಇಟ್ಟುಕೊಂಡ ಸೂತ್ರ ಇಷ್ಟೇ: ಶುಕ್ಲಕ್ಕೆ ಜಗಳವಿಲ್ಲ, ಬಹುಳಕ್ಕೆ ಅವರು ಒಂದು ಹೆಸರು ಮುಂದೆ. ಆಷಾಢ ಬಹುಳ ಅಮಾವಾಸ್ಯೆ ನಮ್ಮ ಕಡೆ ನಾಗರ ಅಮಾವಾಸ್ಯೆ. ದೀಪವನ್ನೇ ದೇವರೆಂದು ಕೂರಿಸುವ ಜ್ಯೋತಿರ್ಭೀಮೇಶ್ವರ ವ್ರತವೂ ಅಂದೇ. ಅವರ ಲೆಕ್ಕದಲ್ಲಿ ಅದು ಶ್ರಾವಣದ ಅಮಾವಾಸ್ಯೆ. ಶಿವರಾತ್ರಿ ನಮಗೆ ಮಾಘ, ಅವರಿಗೆ ಫಾಲ್ಗುಣ. ಕಾರ್ತಿಕ ಹುಣ್ಣಿಮೆ ಇಬ್ಬರಿಗೂ ಕಾರ್ತಿಕವೇ, ಕಾಶಿಯ ಘಾಟುಗಳಲ್ಲಿ ದೇವದೀಪಾವಳಿ ನಡೆಯುವುದೂ ಅಂದೇ.

ಆದರೆ ಕಾರ್ತಿಕ ದೀಪದ ವ್ರತ ಹಿಡಿಯುವವರಿಗೆ ಇದರಿಂದ ಹದಿನೈದು ದಿನದ ವ್ಯತ್ಯಾಸ ಬೀಳುತ್ತದೆ. ಅವರ ಕಾರ್ತಿಕ ಶರದ್ ಹುಣ್ಣಿಮೆಯ ಮರುದಿನ ಶುರುವಾಗಿ ಕಾರ್ತಿಕ ಹುಣ್ಣಿಮೆಗೆ ಮುಗಿಯುತ್ತದೆ. ನಮ್ಮದು ಬಲಿಪಾಡ್ಯಮಿಗೆ ಶುರುವಾಗಿ ಛಟ್ಟಿ ಅಮಾವಾಸ್ಯೆಗೆ ಮುಗಿಯುತ್ತದೆ. ಹನುಮಪ್ಪನ ಕಾರ್ತಿಕವನ್ನು ಕೆಲವು ಊರಲ್ಲಿ ಛಟ್ಟಿ ಅಮಾವಾಸ್ಯೆ ದಾಟಿದ ಮೇಲೂ ಹಚ್ಚುತ್ತಾರೆ. ಅದು ಊರಿನ ವಾಡಿಕೆ, ಸೂತ್ರದಲ್ಲಿ ಹುಡುಕಬೇಡಿ.

ತಿರುವಣ್ಣಾಮಲೈಯ ಕಾರ್ತಿಗೈ ದೀಪ ಮೂರನೆಯ ಲೆಕ್ಕ. ಅದು ಸೌರ ತಿಂಗಳು, ಅಂದರೆ ಸೂರ್ಯನ ನಡೆ ಹಿಡಿದ ತಿಂಗಳು, ಜೊತೆಗೆ ಕೃತ್ತಿಕಾ ನಕ್ಷತ್ರ. 2024ರಲ್ಲಿ ನಮ್ಮ ಕಾರ್ತಿಕ ಹುಣ್ಣಿಮೆ ನವೆಂಬರ್ 15ಕ್ಕೆ ಬಂದರೆ ಅಲ್ಲಿ ಬೆಟ್ಟದ ಮೇಲೆ ದೀಪ ಹಚ್ಚಿದ್ದು ಡಿಸೆಂಬರ್ 13ಕ್ಕೆ.

ತಿಥಿ ಬೇಡದ ದೀಪ

ಗರ್ಭಗುಡಿಯ ನಂದಾದೀಪಕ್ಕೆ ಹೊತ್ತು ಗೊತ್ತಿನ ಹಂಗಿಲ್ಲ, ಅದಕ್ಕೆ ಬೇಕಾದದ್ದು ನಿತ್ಯ ಎಣ್ಣೆ. ನಮ್ಮ ಶಾಸನಗಳಲ್ಲಿ ನಂದಾದೀವಿಗೆಗೆ ಬಿಟ್ಟ ಭೂಮಿ, ಗಾಣಕ್ಕೆ ಇಂತಿಷ್ಟು ಎಂದು ತೆಲ್ಲಿಗರು (ಗಾಣಿಗರು) ಕೊಟ್ಟ ಸೊಡರೆಣ್ಣೆ (ದೀಪದೆಣ್ಣೆ) ಮತ್ತೆ ಮತ್ತೆ ಬರುವುದು ಇದಕ್ಕೇ. 1420ರ ಸುಮಾರಿಗೆ ವಿಜಯನಗರಕ್ಕೆ ಬಂದ ಇಟಲಿಯ ನಿಕೊಲೊ ಕೊಂಟಿ ಕಂಡ ಒಂದು ಹಬ್ಬದಲ್ಲಿ ಗುಡಿಗಳ ಒಳಗೂ ಮಾಡಿನ ಮೇಲೂ ಲೆಕ್ಕವಿಲ್ಲದಷ್ಟು ಎಣ್ಣೆಯ ದೀಪಗಳು ಹಗಲೂ ರಾತ್ರಿ ಉರಿಯುತ್ತಿದ್ದವು. ಅದು ದೀಪಾವಳಿಯೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ.

ನೀವೇ ಬಿಡಿಸಿ: 2025

ಚತುರ್ದಶಿ ಅಕ್ಟೋಬರ್ 19ರ ಮಧ್ಯಾಹ್ನ 1:51ರಿಂದ 20ರ ಮಧ್ಯಾಹ್ನ 3:44ರವರೆಗೆ. ಅಮಾವಾಸ್ಯೆ ಅಲ್ಲಿಂದ 21ರ ಸಂಜೆ 5:54ರವರೆಗೆ. ಪಾಡ್ಯ 22ರ ರಾತ್ರಿ 8:16ರವರೆಗೆ. ಬಳ್ಳಾರಿಯಲ್ಲಿ 21ರ ಸೂರ್ಯಾಸ್ತ 5:55ರ ಆಸುಪಾಸು. ಎಣ್ಣೆಸ್ನಾನ, ಲಕ್ಷ್ಮೀಪೂಜೆ, ಬಲಿಪಾಡ್ಯಮಿ ಯಾವ್ಯಾವ ದಿನ? ಕೆಳಗಿನದನ್ನು ಓದುವ ಮೊದಲು ಹಾಳೆಯ ಮೇಲೆ ಗೆರೆ ಎಳೆದು ನೋಡಿ.

20ರ ಬೆಳಗಿನ ಜಾವ ಚತುರ್ದಶಿ ಇದೆ, ಎಣ್ಣೆಸ್ನಾನ ಅಂದೇ. 20ರ ಸಂಜೆ ಅಮಾವಾಸ್ಯೆ ಪೂರ್ತಿ ಇದೆ. 21ಕ್ಕೆ ನಮ್ಮಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಅದು ಮುಗಿಯುತ್ತ ಬಂದಿರುತ್ತದೆ, ಗಳಿಗೆಯ ಮಾತೇ ಏಳುವುದಿಲ್ಲ. ಆದ್ದರಿಂದ ಲಕ್ಷ್ಮೀಪೂಜೆಯೂ 20ಕ್ಕೇ, ಕ್ಯಾಲೆಂಡರಿನ ಮನೆಯಲ್ಲಿ ಚತುರ್ದಶಿ ಎಂದು ಬರೆದಿದ್ದರೂ. 22ರ ಸೂರ್ಯೋದಯಕ್ಕೆ ಪಾಡ್ಯ, ಬಲಿಪಾಡ್ಯಮಿ ಅಂದು. ನಡುವಿನ 21 ಖಾಲಿ ಉಳಿಯಿತು. ಇನ್ನು ಇದೇ ಲೆಕ್ಕವನ್ನು ಕೋಲ್ಕತ್ತಕ್ಕೆ ಹಾಕಿ: ಅಲ್ಲಿ 21ಕ್ಕೆ ಸೂರ್ಯ ಮುಳುಗುವುದು 5 ಗಂಟೆ ದಾಟುತ್ತಿದ್ದಂತೆ. ಅಮಾವಾಸ್ಯೆ ಎರಡು ಗಳಿಗೆ ಉಳಿಯುತ್ತದೆ, 2024ರ ಬಳ್ಳಾರಿಯ ಪ್ರಶ್ನೆ ಆ ವರ್ಷ ಅಲ್ಲಿ ಏಳುತ್ತದೆ.