ಕುದುರೆ ಹೋಗಿ ಕೊಳವೆಬಾವಿ ಬಂತು: ಆಸ್ಟ್ರೇಲಿಯಾದ ದನದ ಸ್ಟೇಷನ್ನುಗಳ ದುಡಿಮೆಯ ಹಿನ್ನೆಲೆ

ಉತ್ತರ ಆಸ್ಟ್ರೇಲಿಯಾದ ದನದ ಸ್ಟೇಷನ್ನಿಗೆ, ಅಂದರೆ ದನ ಸಾಕುವ ಭಾರಿ ವಿಸ್ತಾರದ ಜಮೀನಿಗೆ, ಕೆಲಸಕ್ಕೆ ಹೋದ ಹೊಸಬರಿಗೆ ಕುದುರೆ ಸಿಗುವುದು ಅಪರೂಪ. ಸಿಗುವುದು ಹಳೆಯ ಪಿಕಪ್ ಗಾಡಿ, ಸ್ಪ್ಯಾನರ್ ಪೆಟ್ಟಿಗೆ, ಡೀಸೆಲ್ ಡ್ರಮ್ಮು ಮತ್ತು ‘ಬೋರ್ ರನ್’. ಅಂದರೆ ಕೊಳವೆಬಾವಿಗಳನ್ನು ಒಂದೊಂದಾಗಿ ಸುತ್ತಿ ನೋಡಿ ಬರುವ ಕೆಲಸ. ಅದೇನು ಸಣ್ಣ ಸುತ್ತಲ್ಲ. ದಕ್ಷಿಣ ಆಸ್ಟ್ರೇಲಿಯಾದ ಆನಾ ಕ್ರೀಕ್ ಸ್ಟೇಷನ್ ಒಂದೇ ನಮ್ಮ ಇಡೀ ಬೆಳಗಾವಿ ಜಿಲ್ಲೆಗಿಂತ ದೊಡ್ಡದು.

ನೋಡಲು ಸುಲಭ ಅನ್ನಿಸಿದರೂ ಸ್ಟೇಷನ್ನಿನ ಜೀವ ಇರುವುದು ಇದರಲ್ಲೇ. ಬಿಸಿಲುಗಾಲದಲ್ಲಿ ಬೆಳೆದ ದನವೊಂದು ದಿನಕ್ಕೆ 50 ಲೀಟರ್ ನೀರು ಕುಡಿಯುತ್ತದೆ. 500 ದನ ಸೇರುವ ತೊಟ್ಟಿಗೆ ದಿನಕ್ಕೆ 25,000 ಲೀಟರ್ ಬೇಕು. ಟ್ಯಾಂಕಿನಿಂದ ತೊಟ್ಟಿಗೆ ನೀರು ಬಿಡುವ, ತೊಟ್ಟಿ ತುಂಬಿದಾಗ ತಾನೇ ಮುಚ್ಚಿಕೊಳ್ಳುವ ಫ್ಲೋಟ್ ವಾಲ್ವ್ ತೆರೆದೇ ಕಚ್ಚಿಕೊಂಡರೆ ತೊಟ್ಟಿ ಉಕ್ಕಿ ಟ್ಯಾಂಕು ಒಂದೇ ರಾತ್ರಿಯಲ್ಲಿ ಬರಿದಾಗಬಹುದು. ಸುತ್ತಲಿನ ಕೆಸರಿನಲ್ಲಿ ಬಡಕಲು ಹಸುಗಳು ಹೂತು ಏಳಲಾರದೆ ಬೀಳುತ್ತವೆ. ವಾಲ್ವ್ ಮುಚ್ಚಿಕೊಂಡೇ ನಿಂತರೆ ಇನ್ನೂ ಕಷ್ಟ: ಎರಡು ಮೂರು ದಿನ ಯಾರೂ ನೋಡದಿದ್ದರೆ ದನ ಸಾಯತೊಡಗುತ್ತವೆ. ಆದ್ದರಿಂದ ಪ್ರತಿ ನಿಲುಗಡೆಯಲ್ಲೂ ವಾಲ್ವನ್ನು ಕೈಯಿಂದ ಒತ್ತಿ ಬಿಟ್ಟು ನೋಡಬೇಕು. ಎಂಜಿನ್ನಿನ ಆಯಿಲ್ ನೋಡಬೇಕು, ತೊಟ್ಟಿಯಲ್ಲಿ ಸತ್ತ ಹಕ್ಕಿ ಬಿದ್ದಿದ್ದರೆ ತೆಗೆಯಬೇಕು, ಟ್ಯಾಂಕಿನಲ್ಲಿ ಎಷ್ಟು ನೀರಿದೆಯೆಂದು ಬರೆದುಕೊಳ್ಳಬೇಕು. ಗೇಟು ಹೇಗಿತ್ತೋ ಹಾಗೇ ಬಿಡಬೇಕು. ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಇಡಿ.

ಈ ಕೆಲಸ ಹೊರಗಿನವರ ಪಾಲಿಗೆ ಬಂದದ್ದು ಹೇಗೆ ಎಂದು ತಿಳಿಯಲು ಅರವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಆಗ ಈ ಸ್ಟೇಷನ್ನುಗಳು ನಡೆಯುತ್ತಿದ್ದುದೇ ಮೂಲನಿವಾಸಿಗಳ ದುಡಿಮೆಯಿಂದ. ದನ ಅಟ್ಟುವವರು, ಕುದುರೆ ಪಳಗಿಸುವವರು, ಮನೆಗೆಲಸದ ಹೆಂಗಸರು ಎಲ್ಲರೂ ಅವರೇ. ಕೂಲಿಯೆಂದರೆ ಹೆಚ್ಚಾಗಿ ಹಿಟ್ಟು, ಚಹಾ, ಸಕ್ಕರೆ, ತಂಬಾಕಿನ ಪಡಿ, ಜೊತೆಗೆ ಬಿಳಿಯರಿಗಿಂತ ತೀರಾ ಕಡಿಮೆ ಕಾಸು. 1946ರಲ್ಲೇ ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಪ್ರದೇಶದಲ್ಲಿ ನೂರಾರು ಮಂದಿ ಕೆಲಸ ಬಿಟ್ಟು ಹೊರಬಂದಿದ್ದರು. 1966ರ ಮಾರ್ಚಿನಲ್ಲಿ ಕೇಂದ್ರದ ವೇತನ ಆಯೋಗ ಸಮಾನ ಕೂಲಿಗೆ ಒಪ್ಪಿತಾದರೂ ಜಾರಿಯನ್ನು 1968ರ ಡಿಸೆಂಬರಿಗೆ ಮುಂದೂಡಿತು. 1966ರ ಆಗಸ್ಟಿನಲ್ಲೇ ಬ್ರಿಟನ್ನಿನ ವೆಸ್ಟಿ ಕಂಪನಿಯ ವೇವ್ ಹಿಲ್ ಸ್ಟೇಷನ್ನಿನಿಂದ ಗುರಿಂಜಿ ಎಂಬ ಮೂಲನಿವಾಸಿ ಸಮುದಾಯದ ಸುಮಾರು 200 ಜನ ತಮ್ಮ ಮುಖಂಡ ವಿನ್ಸೆಂಟ್ ಲಿಂಗಿಯಾರಿಯವರ ಹಿಂದೆ ನಡೆದು ಹೊರಟರು. ಮುಂದೆ ಅವರು ಕೇಳಿದ್ದು ಬರಿಯ ಕೂಲಿಯನ್ನಲ್ಲ, ತಮ್ಮ ನೆಲವನ್ನು. 1975ರಲ್ಲಿ ಪ್ರಧಾನಿ ವಿಟ್ಲಮ್ ಲಿಂಗಿಯಾರಿಯವರ ಅಂಗೈಗೆ ಮಣ್ಣು ಸುರಿದು ಆ ನೆಲದ ಒಂದು ಭಾಗದ ಗೇಣಿಪತ್ರ ಕೊಟ್ಟರು.

ಆದರೆ ಹಲವು ಸ್ಟೇಷನ್ನುಗಳಲ್ಲಿ ಸಮಾನ ಕೂಲಿಯ ಬೆನ್ನಿಗೇ ಮೂಲನಿವಾಸಿ ಕುಟುಂಬಗಳನ್ನು ಹೊರಗೆ ಕಳಿಸಲಾಯಿತು. ‘ಕೂಲಿ ಏರಿದ್ದಕ್ಕೇ ಅವರ ಕೆಲಸ ಹೋಯಿತು’ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಅದು ಅರ್ಧ ಸತ್ಯ. ಅದೇ ಹೊತ್ತಿಗೆ ಇನ್ನೂ ಮೂರು ಬದಲಾವಣೆಗಳಾಗುತ್ತಿದ್ದವು.

ಮೊದಲನೆಯದು ರಸ್ತೆ. ಮೊದಲು ದಿನಕ್ಕೆ ಹದಿನೈದು ಕಿ.ಮೀ.ಯಂತೆ ತಿಂಗಳುಗಟ್ಟಲೆ ದನ ನಡೆಸುತ್ತಿದ್ದರು. 1960ರ ದಶಕದಲ್ಲಿ ಸರಕಾರ ದನ ಸಾಗಿಸಲೆಂದೇ ರಸ್ತೆಗಳನ್ನು ಮಾಡಿಸಿದ ಮೇಲೆ ರೋಡ್ ಟ್ರೇನ್‌ಗಳು ಬಂದವು. ಮೂರು ಟ್ರೇಲರ್ ಎಳೆಯುವ ಇಂಥ ಲಾರಿ ಇಂದು 53.5 ಮೀಟರ್ ಉದ್ದವಿದ್ದು, ಎರಡೆರಡು ಅಂತಸ್ತಿನಲ್ಲಿ ಸುಮಾರು 150 ದನ ಒಯ್ಯುತ್ತದೆ. ಏರಿಸುವ ಮುನ್ನ ಅರ್ಧ ದಿನವಾದರೂ ಮೇವು ಬಿಡಿಸುತ್ತಾರೆ. ಹೊಟ್ಟೆ ತುಂಬಿದ ದನ ಸಗಣಿ ಹಾಕಿ ನೆಲ ಜಾರುವಂತೆ ಮಾಡುತ್ತದೆ, ಬಿದ್ದದ್ದನ್ನು ಉಳಿದವು ತುಳಿಯುತ್ತವೆ.

ಎರಡನೆಯದು ಹೆಲಿಕಾಪ್ಟರ್. 1979ರಿಂದ ತಯಾರಾದ ರಾಬಿನ್ಸನ್ ಆರ್22 ಎಂಬ ಇಬ್ಬರ ಪುಟ್ಟ ಯಂತ್ರ ದನ ಒಟ್ಟುಗೂಡಿಸುವ ಕೆಲಸಕ್ಕೇ ಹೇಳಿ ಮಾಡಿಸಿದಂತಿತ್ತು. ಹತ್ತಾರು ಸವಾರರು ದಿನಗಟ್ಟಲೆ ಮಾಡುತ್ತಿದ್ದುದನ್ನು ಒಂದೆರಡು ಹೆಲಿಕಾಪ್ಟರ್ ಬೆಳಗಿನ ತಂಪಿನಲ್ಲೇ ಮುಗಿಸತೊಡಗಿದವು. ಅವಸರ ಮಾಡಿದರೆ ಕರುಗಳು ಹಿಂದುಳಿದು ತಾಯಿ ತಪ್ಪುತ್ತವೆ, ದೊಡ್ಡ ಹೋರಿಗಳು ಮೈಬಿಸಿ ಏರಿ ಕುಸಿಯುತ್ತವೆ. ಅದಕ್ಕೇ ಕೆಳಗೆ ಸಾಧು ದನಗಳ ಚಿಕ್ಕ ಮಂದೆಯನ್ನು ನಿಲ್ಲಿಸಿಕೊಂಡು, ಕಾಡು ದನಗಳನ್ನು ಅದರೊಳಗೆ ಬೆರೆಸುತ್ತಾರೆ.

ಮೂರನೆಯದರ ಮಾತು ಬರುವುದೇ ಕಡಿಮೆ. ದನಗಳ ಕ್ಷಯ ಮತ್ತು ಗರ್ಭಪಾತ ತರುವ ಬ್ರುಸೆಲ್ಲಾ ರೋಗವನ್ನು ಅಳಿಸಲು 1970ರಿಂದ 1997ರವರೆಗೆ ದೇಶವ್ಯಾಪಿ ಕಾರ್ಯಕ್ರಮ ನಡೆಯಿತು. ಪ್ರತಿ ದನವನ್ನೂ ಹಿಡಿದು ಪರೀಕ್ಷಿಸಬೇಕೆಂದರೆ ಬೇಲಿ, ದೊಡ್ಡಿ, ಗೊತ್ತಾದ ನೀರಿನ ತಾಣ ಬೇಕೇ ಬೇಕು. ಹಿಡಿಯಲಾಗದವನ್ನು ಗುಂಡಿಟ್ಟು ಕೊಂದರು. ಬಯಲಲ್ಲಿ ಅಲೆಯುತ್ತಿದ್ದ ದನ ಹೀಗೆ ಬೇಲಿಯೊಳಗೆ, ಕೊಳವೆಬಾವಿಯ ಸುತ್ತ ನಿಂತಿತು. ಆ ದನವೂ ಬದಲಾಗಿತ್ತು: ಉಣ್ಣಿಹುಳುವಿನ ಕಾಟ, ಸೆಕೆ ತಾಳದ ಇಂಗ್ಲಿಷ್ ತಳಿಯ ಜಾಗದಲ್ಲಿ ಬ್ರಾಹ್ಮನ್ ಬಂದಿತ್ತು. ಗೀರ್, ಓಂಗೋಲ್ ತಳಿಗಳ ಜೊತೆ ನಮ್ಮ ಕೃಷ್ಣಾ ಕಣಿವೆ ತಳಿಯ ರಕ್ತವೂ ಅದರಲ್ಲಿದೆ.

ಸವಾರಿಯ ಕೆಲಸ ಕುಗ್ಗಿತು. ಉಳಿದದ್ದು ನೀರು, ಬೇಲಿ, ದೊಡ್ಡಿ, ಅಡುಗೆ. ಅದೂ ಮಳೆ ನಿಂತ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಹಂಗಾಮಿನಲ್ಲೇ ಹೆಚ್ಚು. ಈ ಜಾಗ ತುಂಬುವವರಲ್ಲಿ ರಜಾ-ದುಡಿಮೆ ವೀಸಾದ ಯುವಕ ಯುವತಿಯರು ಬಹಳ. ಗೊತ್ತುಪಡಿಸಿದ ಪ್ರದೇಶದಲ್ಲಿ ಇಂಥ ಕೆಲಸ ಮೂರು ತಿಂಗಳು ಮಾಡಿದರೆ ಎರಡನೇ ವರ್ಷದ ವೀಸಾ ಕೇಳಬಹುದು, ಅದೇ ಅವರಿಗೆ ಮುಖ್ಯ ಸೆಳೆತ. 2024ರಿಂದ ‘ವರ್ಕ್ ಅಂಡ್ ಹಾಲಿಡೇ’ ವೀಸಾ ಭಾರತೀಯರಿಗೂ ತೆರೆದಿದೆ: ವಯಸ್ಸು 18ರಿಂದ 30, ವರ್ಷಕ್ಕೆ 1,000 ಮಂದಿ, ಆಯ್ಕೆ ಲಾಟರಿಯಲ್ಲಿ. ಸಂಬಳದ ಚೀಟಿ ಕೊಡದೆ ‘ಊಟ, ವಸತಿಗೆ ದುಡಿ’ ಎನ್ನುವ ಕಡೆ ಹೋಗಬೇಡಿ. ಪಡಿಗೆ ದುಡಿಸಿದ ಇತಿಹಾಸ ಅಲ್ಲಿ ಹಳೆಯದು, ಮೇಲಾಗಿ ವೀಸಾ ಅರ್ಜಿಗೆ ಕಾನೂನಿನ ಕೂಲಿ ಪಡೆದ ದಾಖಲೆ ಬೇಕು.

ಇನ್ನು ದಾರಿ. ವೇವ್ ಹಿಲ್ ಕಡೆಯಿಂದ ಪೇಟೆಯೆನ್ನಬಹುದಾದ ಕ್ಯಾಥರೀನ್‌ಗೆ ಸುಮಾರು 450 ಕಿ.ಮೀ. ತಲೆಗೆ ದಿನಕ್ಕೆ 10 ಲೀಟರ್ ನೀರು, ಎರಡು ಸ್ಟೆಪ್ನಿ, ಉಪಗ್ರಹ ಫೋನು ಇಟ್ಟುಕೊಳ್ಳಿ. ಮಣ್ಣು ರಸ್ತೆಗೆ ಇಳಿದಾಗ ಟೈರಿನ ಗಾಳಿ 30 ಪಿಎಸ್‌ಐ ಆಸುಪಾಸಿಗೆ ಇಳಿಸಿ, ವೇಗವನ್ನೂ ಇಳಿಸಿ. ರೋಡ್ ಟ್ರೇನ್ ಎದುರಾದರೆ ಬದಿಗೆ ಸರಿದು ಧೂಳು ಕುಳಿತ ಮೇಲೆ ಹೊರಡಿ. ಗಾಡಿ ಕೆಟ್ಟರೆ ಗಾಡಿಯ ಬಳಿಯೇ ಇರಿ. ಹುಡುಕುವ ವಿಮಾನಕ್ಕೆ ಗಾಡಿ ಕಾಣುತ್ತದೆ, ನಡೆದು ಹೊರಟ ಮನುಷ್ಯ ಕಾಣುವುದಿಲ್ಲ. ಮಳೆಗಾಲದಲ್ಲಿ ‘ರಸ್ತೆ ಮುಚ್ಚಿದೆ’ ಎಂಬ ಫಲಕ ದಾಟಿದರೆ ದಂಡ ಬೀಳುತ್ತದೆ, ಹೂತ ಗಾಡಿ ಎಳೆಸುವ ಖರ್ಚು ಅದಕ್ಕಿಂತ ಹೆಚ್ಚು.