ಘಾಟಿಯಲ್ಲಿ ಎಷ್ಟನೇ ಗೇರು?

ಮೊನ್ನೆ ಸಾಗರದಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಅಡಿಕೆ ಸಾಗಿಸುವ ಲಾರಿ ಮಾಲೀಕರು. ನಾನು ರೈಲು ಓಡಿಸಿ ನಿವೃತ್ತನಾದವನು ಎಂದು ಗೊತ್ತಾದದ್ದೇ ತಡ, "ಸಾರ್, ಸಕಲೇಶಪುರ ಘಾಟಿ ಎಷ್ಟನೇ ಗೇರಲ್ಲಿ ಹತ್ತಿಸ್ತಿದ್ರಿ?" ಅಂದರು. ಕೆಲಸಕ್ಕೆ ಸೇರಿದ ದಿನದಿಂದ ಇದೇ ಪ್ರಶ್ನೆ. ಗೇರ್ ಬಾಕ್ಸ್ ಇಲ್ಲ ಮಾರಾಯ್ರೆ, ಕ್ಲಚ್ಚೂ ಇಲ್ಲ!

ಲೋಕೋ ಅಂದರೆ ಬೋಗಿಗಳನ್ನು ಎಳೆಯುವ ಗಾಡಿ. ಅದರೊಳಗಿನ ಡೀಸೆಲ್ ಎಂಜಿನ್ ಗಾಲಿಯನ್ನು ತಿರುಗಿಸುವುದೇ ಇಲ್ಲ. ಅದು ತಿರುಗಿಸುವುದು ಜನರೇಟರನ್ನು. ಅಲ್ಲಿ ಹುಟ್ಟಿದ ಕರೆಂಟು ಕೆಳಗೆ ಅಚ್ಚುಗಳ ಬಳಿ ಕೂತ ಮೋಟಾರುಗಳಿಗೆ ಹೋಗುತ್ತದೆ, ಗಾಲಿ ತಿರುಗಿಸುವುದು ಆ ಮೋಟಾರು. ಜೋಗದ ಪವರ್‌ಹೌಸಿನಲ್ಲಿ 1948ರಿಂದ ನೀರು ಟರ್ಬೈನ್ ತಿರುಗಿಸುತ್ತಿದೆ. ಆ ಕರೆಂಟಿನಲ್ಲಿ ನಿಮ್ಮ ತೋಟದ ಪಂಪ್‌ಸೆಟ್ ಓಡಿದರೆ ಶರಾವತಿಯೇ ಬಂದು ಪಂಪು ತಿರುಗಿಸಿತು ಅನ್ನುತ್ತೀರಾ? ಡೀಸೆಲ್ ಲೋಕೋ ತನ್ನ ಜೋಗವನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಎಲೆಕ್ಟ್ರಿಕ್ ಲೋಕೋ ಅದನ್ನು ಊರಲ್ಲೇ ಬಿಟ್ಟು, ತಲೆಯ ಮೇಲಿನ 25,000 ವೋಲ್ಟ್ ತಂತಿಯಿಂದ ಕರೆಂಟು ಎಳೆದುಕೊಳ್ಳುತ್ತದೆ. ಎರಡರಲ್ಲೂ ಎಳೆಯುವುದು ಮೋಟಾರೇ.

ಶಂಟಿಂಗಿಗೆ, ಅಂದರೆ ನಿಲ್ದಾಣದಲ್ಲಿ ಬೋಗಿಗಳನ್ನು ಅತ್ತಿತ್ತ ಜರುಗಿಸಲು, ಎಣ್ಣೆಯ ಮೂಲಕ ಗಾಲಿ ತಿರುಗಿಸುವ ಹೈಡ್ರಾಲಿಕ್ ಎಂಜಿನ್‌ಗಳೂ ಇವೆ, ಅವು ಬೇರೆ ಜಾತಿ. ಹಳಿಯ ಮೇಲೆ ಬಸ್ಸಿನ ಹಾಗೆ ಓಡುತ್ತಿದ್ದ ಹಳೇ ತಾಳಗುಪ್ಪ ರೈಲ್‌ಬಸ್ಸನ್ನೂ ಇಲ್ಲಿಗೆ ಎಳೆದು ತರಬೇಡಿ. ಮೋಟಾರಿಗೂ ಅಚ್ಚಿಗೂ ನಡುವೆ ಒಂದು ಜೊತೆ ಹಲ್ಲುಚಕ್ರ ಇರುವುದು ನಿಜ, ಆದರೆ ಅದನ್ನು ದಾರಿಯಲ್ಲಿ ಬದಲಾಯಿಸುವ ಹಾಗಿಲ್ಲ.

ಯಾಕೆ ಇಷ್ಟು ಸುತ್ತು? ಸಾವಿರಾರು ಟನ್ನಿನ ಗಾಡಿಯನ್ನು ನಿಂತಲ್ಲಿಂದ ಎಬ್ಬಿಸಲು ಹೋದರೆ ಯಾವ ಕ್ಲಚ್ಚೂ ಸುಟ್ಟು ಕರಕಲಾಗುತ್ತದೆ. ಮೋಟಾರಿನ ಗುಣ ತದ್ವಿರುದ್ಧ, ತಿರುಗಲು ಶುರುಮಾಡುವಾಗಲೇ ಅದರ ಎಳೆತ ಜಾಸ್ತಿ. ವಾರಾಣಸಿಯಲ್ಲಿ 1964ರಿಂದ ಕಟ್ಟಿದ ಡಬ್ಲ್ಯೂಡಿಎಂ-2 ಎಂಬ ಡೀಸೆಲ್ ಲೋಕೋಗೆ 16 ಸಿಲಿಂಡರು, 2,600 ಅಶ್ವಶಕ್ತಿ. ಎಂಜಿನ್ ವೇಗ ಏರಿಸುವ ಹಿಡಿಕೆಗೆ ಎಂಟು ನಾಚ್, ಅಂದರೆ ಎಂಟು ಹಂತ. ಒಂದೊಂದೇ ನಾಚ್ ಏರಿಸಿದರೆ ಎಂಜಿನ್ ನಿಮಿಷಕ್ಕೆ 400 ಸುತ್ತಿನಿಂದ 1,000ಕ್ಕೆ ಏರಿ ಗುಡುಗುತ್ತದೆ. ಮೊದಲ ನಾಚ್‌ಗಳಲ್ಲಿ ಗಾಡಿ ಮಾತ್ರ ಕದಲುವುದಿಲ್ಲ. ನಮ್ಮೆದುರಿನ ಆಂಪಿಯರ್ ಮೀಟರಿನ ಮುಳ್ಳು ಮೇಲೇರುತ್ತಾ ಹೋಗುತ್ತದೆ. ಬೋಗಿಗಳನ್ನು ಜೋಡಿಸುವ ಕಪ್ಲಿಂಗುಗಳು ಒಂದೊಂದಾಗಿ ಕಟಕಟ ಎಂದು ಬಿಗಿಯುತ್ತವೆ, ಆಮೇಲೆ ಗಾಲಿ ಉರುಳುತ್ತದೆ.

ನಮ್ಮ ಕಡೆಯ ನಿಜವಾದ ಶತ್ರು ಮಳೆ. ಘಾಟಿಯ ಏರು 50ಕ್ಕೆ 1, ಅಂದರೆ 50 ಅಡಿ ಹೋದರೆ 1 ಅಡಿ ಮೇಲಕ್ಕೆ. ಹಳಿ ನೆನೆದು, ಮೇಲೆ ತರಗೆಲೆ ಅರೆದು ಹೋದರೆ ಗಾಲಿ ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಆಗ ಎಷ್ಟು ಅಶ್ವಶಕ್ತಿ ಇದ್ದರೇನು, ಕಾಪಾಡುವುದು ಗಾಲಿಯ ಮುಂದೆ ಉದುರುವ ಹಿಡಿ ಮರಳು. ಅದೂ ಜರಡಿ ಹಿಡಿದ, ಚೆನ್ನಾಗಿ ಒಣಗಿದ ಮರಳೇ ಆಗಬೇಕು. ಆಷಾಢದಲ್ಲಿ ಮರಳು ಒಣಗಿಸಿಡುವವರ ಕಷ್ಟ ಮಲೆನಾಡಿನಲ್ಲಿ ಬಟ್ಟೆ ಒಗೆದವರಿಗೆ ಗೊತ್ತು.

ಇಳಿಯುವಾಗ ಅದೇ ಮೋಟಾರು ಡೈನಮೋ ಆಗಿ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಆ ಕರೆಂಟನ್ನು ಡೀಸೆಲ್ ಲೋಕೋ ಗ್ರಿಡ್ಡು ಎಂಬ ಹೀಟರಿನಂಥ ಪಟ್ಟಿಗಳಲ್ಲಿ ಶಾಖವಾಗಿಸಿ ಗಾಳಿಗೆ ಬಿಡುತ್ತದೆ. ಈಗಿನ ತ್ರೀ-ಫೇಸ್ ಎಲೆಕ್ಟ್ರಿಕ್‌ಗಳು ತಂತಿಗೇ ವಾಪಸು ಕೊಡುತ್ತವೆ.

ಲಾರಿಯವರು ಎಲ್ಲ ಕೇಳಿಸಿಕೊಂಡು, "ಆದ್ರೂ ರಿವರ್ಸ್ ಗೇರು ಇರ್ಲೇಬೇಕಲ್ಲ ಸಾರ್?" ಅಂದರು. ಮೋಟಾರಿನ ಫೀಲ್ಡ್ ಸುರುಳಿಯಲ್ಲಿ ಕರೆಂಟಿನ ದಿಕ್ಕು ತಿರುಗಿಸಿದರೆ ಸಾಕು ಎಂದು ನಾನು ಶುರುಮಾಡುವಷ್ಟರಲ್ಲಿ ಹೋಳಿಗೆ ಬಂತು.